ಡೆಸ್ಮಂಡನ ನೀಲಿ ಗ್ಯಾಸು

ಡೆಸ್ಮಂಡ್ ಫಜಾಕರ್ಲಿ ತನ್ನ ಹೆಂಡತಿಗೆ ಕೊಟ್ಟ ಮಾತು ಇದು: "ಡೋರೀನ್, ಈ ಸಲದ ಪ್ರವಾಸದಲ್ಲಿ ನೀನು ಒಂದೇ ಒಂದು ಸಲ ಚಳಿಗೆ ನಡುಗಿದ್ರೂ ಸರಿ, ಊರಿಗೆ ಹೋದ ದಿನವೇ ಕ್ಯಾರವಾನ್ ಮಾರಿಬಿಡ್ತೀನಿ. ನಿನ್ನ ಅಕ್ಕ ಹೇಳ್ದಂಗೆ ಸ್ಪೇನಿಗೆ ಹೋಗಿ ಅವಳ ಪಕ್ಕದ್ಮನೇಲೇ ಇದ್ದುಬಿಡೋಣ."

ಈ ಮಾತನ್ನು ಅವನು ಲಿವರ್‌ಪೂಲಿನ ಮನೆಯಲ್ಲಿ, ಅಡುಗೆಮನೆಯ ಗೋಡೆಗಿರುವ ಬಿಸಿ ರೇಡಿಯೇಟರಿಗೆ ಬೆನ್ನು ಕೊಟ್ಟು ನಿಂತುಕೊಂಡು ಹೇಳಿದನಂತೆ. ಬೆನ್ನು ಬೆಚ್ಚಗಿರುವಾಗ ಗಂಡಸರು ಕೊಡುವ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ನನ್ನ ಹೆಸರು ವಿನಿಫ್ರೆಡ್. ಮೂವತ್ತು ವರ್ಷ ಒಂದು ಶಾಲೆಯಲ್ಲಿ ಗುಮಾಸ್ತೆಯಾಗಿದ್ದೆ. ತಡವಾಗಿ ಬರುವ ಮಕ್ಕಳ ಸುಳ್ಳುಗಳನ್ನು ಕೇಳಿ ಕೇಳಿ ಕಿವಿ ಪಳಗಿದೆ. ಈಗ ನಾನೂ ನನ್ನ ನಾಯಿಯೂ ಕಾರಿನ ಹಿಂದೆ ಒಂದು ಪುಟ್ಟ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಮನೆ, ಎಳೆದುಕೊಂಡು ತಿರುಗುತ್ತೇವೆ. ಆ ನವೆಂಬರಿನಲ್ಲಿ ನನ್ನ ಕಿಟಕಿ ಡೆಸ್ಮಂಡನ ಬಾಗಿಲಿಗೆ ನೇರ ಎದುರಾಗಿತ್ತು. ಆದ್ದರಿಂದ ಮುಂದೆ ಹೇಳುವುದರಲ್ಲಿ ಬಹುಪಾಲು ಕಣ್ಣಾರೆ ಕಂಡದ್ದು, ಉಳಿದದ್ದು ಡೋರೀನ್ ಹೇಳಿದ್ದು.

ಜಾಗ ವೇಲ್ಸಿನ ಬೆಟ್ಟಗಳ ಬುಡದಲ್ಲಿ ಎಮ್ರಿಸ್ ಎಂಬ ಕುರಿ ಸಾಕುವವನ ಹೊಲ. ಐದು ಕ್ಯಾರವಾನಿಗೆ ಸ್ಥಳ, ಒಂದು ನಲ್ಲಿ, ಎಷ್ಟು ಬೇಕಾದರೂ ಗಾಳಿ. ಕರೆಂಟ್ ಇಲ್ಲ. ದೀಪಕ್ಕೆ ಬ್ಯಾಟರಿ; ಒಲೆಗೂ ಹೀಟರಿಗೂ ಗ್ಯಾಸು. ಡೆಸ್ಮಂಡ್ ಇಪ್ಪತ್ತೆರಡು ವರ್ಷದಿಂದ ಇಲ್ಲಿಗೆ ಬರುತ್ತಿದ್ದ, ಆದರೆ ಬೇಸಿಗೆಯಲ್ಲಿ ಮಾತ್ರ. ಸೆಪ್ಟೆಂಬರ್ ಬಂತೆಂದರೆ ಕ್ಯಾರವಾನಿಗೆ ಮುಸುಕು ಹಾಕಿ, ಹೋಗಿ ಬಸ್ ಓಡಿಸುತ್ತಿದ್ದ. ಈಗ ನಿವೃತ್ತಿಯಾಗಿದೆ, ವರ್ಷವಿಡೀ ತಿರುಗಬಹುದು ಎಂದು ಅವನ ಆಸೆ. ಆ ಆಸೆಗೆ ಇದು ಮೊದಲ ಪರೀಕ್ಷೆ.

ಇನ್ನು ಡೆಸ್ಮಂಡನ ವಿಷಯ ಹೇಳಬೇಕಾದರೆ ಬಣ್ಣದಿಂದಲೇ ಶುರುಮಾಡಬೇಕು. ಅವನ ಊರಿನಲ್ಲಿ ಫುಟ್‌ಬಾಲ್ ತಂಡ ಎರಡು, ಒಂದು ನೀಲಿ, ಒಂದು ಕೆಂಪು. ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಕೇಳುವುದಕ್ಕೆ ಮುಂಚೆ ನೀಲಿಯೋ ಕೆಂಪೋ ಎಂದು ಕೇಳುವ ಊರು ಅದು. ಡೆಸ್ಮಂಡ್ ನೀಲಿ. ಅವನ ಕ್ಯಾರವಾನಿನ ಪರದೆ ನೀಲಿ, ಬಟ್ಟಲು ನೀಲಿ, ಹಲ್ಲುಜ್ಜುವ ಬ್ರಷ್ಷೂ ನೀಲಿ. ಟೊಮೇಟೊ ಸಾಸ್ ಒಳಗೆ ಬರುವಂತಿಲ್ಲ. ಅಂಚೆಪೆಟ್ಟಿಗೆಗಳೆಲ್ಲ ಕೆಂಪಾಗಿರುವುದರಿಂದ ಕಾಗದ ಹಾಕುವ ಕೆಲಸ ಡೋರೀನಳದು. ಅವನ ಬಸ್ ಕಂಪನಿಯವರು ಬಸ್ಸುಗಳಿಗೆಲ್ಲ ಕೆಂಪು ಬಣ್ಣ ಬಳಿಸಿದ ತಿಂಗಳೇ ಇವನಿಗೆ ಮಂಡಿನೋವು ಬಂದು, ಎರಡು ವರ್ಷ ಮೊದಲೇ ನಿವೃತ್ತಿ ಕೇಳಿದ.

ನಮ್ಮಲ್ಲಿ ಕ್ಯಾರವಾನಿಗೆ ಹಾಕುವ ಸಿಲಿಂಡರಿನಲ್ಲೂ ಎರಡು ಬಣ್ಣ. ನೀಲಿ ಸಿಲಿಂಡರಿನ ಗ್ಯಾಸು ಬೇಸಿಗೆಗೆ ಬಹಳ ಚೆನ್ನ. ನೀರು ಹೆಪ್ಪುಗಟ್ಟುವ ಚಳಿ ಬಿದ್ದರೆ ಮಾತ್ರ ಸಿಲಿಂಡರಿನ ತಳದಲ್ಲಿ ನೀರಿನಂತೆ ಕೂತುಬಿಡುತ್ತದೆ, ಏನು ಮಾಡಿದರೂ ಮೇಲೇಳುವುದಿಲ್ಲ. ಕೆಂಪು ಸಿಲಿಂಡರಿನದು ಬೇರೆಯೇ ಗ್ಯಾಸು, ಎಂಥ ಚಳಿಯಲ್ಲೂ ಎದ್ದು ಬರುತ್ತದೆ. ಇದು ನಮ್ಮ ಜನರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಡೆಸ್ಮಂಡನಿಗೂ ಇಪ್ಪತ್ತೆರಡು ವರ್ಷದ ಹಿಂದೆ ಗ್ಯಾಸ್ ಅಂಗಡಿಯವನು ಹೇಳಿದ್ದ. ಆದರೆ ಆ ಅಂಗಡಿಯವನ ಬೆನ್ನಹಿಂದಿನ ಗೋಡೆಯಲ್ಲಿ ಕೆಂಪು ತಂಡದ ಶಾಲು ನೇತಾಡುತ್ತಿತ್ತು. ಇದು ಕೆಂಪಿನವರು ಕಟ್ಟಿದ ಕಥೆ ಎಂದು ಡೆಸ್ಮಂಡ್ ಅವತ್ತೇ ತೀರ್ಮಾನಿಸಿದ. ಗ್ಯಾಸ್ ಅಂದರೆ ಗ್ಯಾಸು, ತಗಡಿನ ಬಣ್ಣ ನೋಡಿ ಅದು ಉರಿಯುತ್ತದೆಯೇ, ಎಂದು ಅವನ ವಾದ. ಬೇಸಿಗೆಯಲ್ಲಿ ಈ ವಾದವನ್ನು ಯಾರೂ ಸೋಲಿಸುವಂತಿರಲಿಲ್ಲ.

ಬುಧವಾರ ಬಂದು ಇಳಿದರು. ಗುರುವಾರ ಬೆಳಗ್ಗೆ ಹೊಲ ಪೂರ್ತಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಎಂಟು ಗಂಟೆಗೆ ನಾನು ಪರದೆ ಸರಿಸಿದರೆ, ಡೆಸ್ಮಂಡ್ ಅರ್ಧ ತೋಳಿನ ಅಂಗಿಯಲ್ಲಿ ಬಾಗಿಲ ಹೊರಗೆ ನಿಂತಿದ್ದಾನೆ. ತುಟಿ ಅವನ ತಂಡದ ಬಣ್ಣಕ್ಕೆ ತಿರುಗಿತ್ತು.

"ಏನು ಡೆಸ್, ಹೇಗಿದ್ದೀಯಾ?" ಎಂದೆ.

"ಗೊಣಗೋ ಹಾಗೇನಿಲ್ಲ ವಿನಿ. ಒಳಗೆ ಸೆಖೆ. ಸ್ವಲ್ಪ ಗಾಳಿಗೆ ಅಂತ ಬಂದೆ."

ಇದು ನಮ್ಮ ಕ್ಯಾರವಾನ್ ಜನರ ಕಾಯಿಲೆ. ಛಾವಣಿ ಹಾರಿಹೋಗಿ ಪಕ್ಕದ ಹೊಲದಲ್ಲಿ ಬಿದ್ದಿದ್ದರೂ, ಯಾರಾದರೂ ಹೇಗಿದ್ದೀರಿ ಎಂದರೆ ಗೊಣಗುವ ಹಾಗೇನಿಲ್ಲ ಅನ್ನಬೇಕು. ಅವನ ಕೈಯಲ್ಲಿ ಕೆಟಲ್ ಇತ್ತು.

"ಸ್ವಲ್ಪ ಬಿಸಿನೀರಿದ್ರೆ ಕೊಡ್ತೀಯಾ? ಗಡ್ಡ ಮಾಡ್ಕೊಳ್ಳೋಕೆ."

ಅವನ ಗಡ್ಡ ಹತ್ತಿಪ್ಪತ್ತು ಕೂದಲಿನದು, ಕೆಟಲ್ ಎಂಟು ಬಟ್ಟಲಿನದು. ಅಷ್ಟರಲ್ಲಿ ಒಳಗಿನಿಂದ ಡೋರೀನಳ ದನಿ ಬಂತು: "ಡೆಸ್, ನಾನೇನೂ ನಡುಗ್ತಿಲ್ಲಪ್ಪ! ನನ್ನ ಮೂಗು ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದೀನಿ, ಅಷ್ಟೆ!"

ಮನಸ್ಸು ತಡೆಯದೆ ಹೇಳಿಬಿಟ್ಟೆ. "ಡೆಸ್, ನಿನ್ನದು ನೀಲಿ ಸಿಲಿಂಡರ್ ಅಲ್ವಾ? ಈ ಚಳಿಗೆ ಅದು ಏಳೋದಿಲ್ಲ ಮಾರಾಯ. ಕೆಂಪು..."

ಅವನ ಕಣ್ಣು ಮೆಲ್ಲಗೆ ನನ್ನ ತಲೆಯ ಮೇಲಕ್ಕೆ ಹೋಯಿತು. ನಾನು ಉಣ್ಣೆಯ ಟೋಪಿ ಹಾಕಿದ್ದೆ. ಕೆಂಪು ಟೋಪಿ.

"ನೀನೂನಾ ವಿನಿ?" ಎಂದ, ದುಃಖದಿಂದ. ಬಿಸಿನೀರನ್ನು ಮಾತ್ರ ಬಿಡದೆ ತೆಗೆದುಕೊಂಡು ಹೋದ.

ಅವನ ಎಡಬದಿಯ ಕ್ಯಾರವಾನಿನಲ್ಲಿ ಗೆರಿ ಹಾಲ್ಸಾಲ್ ಇದ್ದ. ಅದೇ ಊರಿನ ನಿವೃತ್ತ ಅಂಚೆಯವ, ಹುಟ್ಟಾ ಕೆಂಪು. ಇಪ್ಪತ್ತೆರಡು ಬೇಸಿಗೆ ಇವರಿಬ್ಬರೂ ಅಕ್ಕಪಕ್ಕ ನಿಲ್ಲಿಸಿಕೊಂಡು ಒಬ್ಬರನ್ನೊಬ್ಬರು ಬೈದುಕೊಂಡು ಬಂದಿದ್ದಾರೆ. ಒಂದು ವರ್ಷ ಗೆರಿ ಹೊಟ್ಟೆಯ ಆಪರೇಷನ್ ಆಗಿ ಬರಲಿಲ್ಲ. ಡೆಸ್ಮಂಡ್ ಮೂರೇ ದಿನಕ್ಕೆ ಬೇಜಾರಾಗಿ ಗಂಟುಮೂಟೆ ಕಟ್ಟಿದ. ಈ ಸಲದ ಚಳಿಗಾಲದ ಪ್ರವಾಸಕ್ಕೂ ಇಬ್ಬರೂ ಮಾತಾಡಿಕೊಂಡೇ ಬಂದದ್ದು ಎಂದು ಡೋರೀನ್ ಹೇಳಿದಳು. ಇಬ್ಬರೂ ಅದನ್ನು ಒಪ್ಪುವುದಿಲ್ಲ.

ಗೆರಿ ತನ್ನ ಬಾಗಿಲಲ್ಲಿ ಹಬೆಯಾಡುವ ಚಹಾ ಹಿಡಿದು ನಿಂತು, "ಏನೋ ಡೆಸ್, ಹೊಗೆನೇ ಕಾಣ್ತಿಲ್ಲ ನಿನ್ನ ಹೀಟರಿಂದ?" ಎಂದ.

"ಒಳ್ಳೆ ಹೀಟರು ಹೊಗೆ ಬಿಡಲ್ಲ ಕಣೋ."

"ನನ್ನ ಹತ್ರ ಇನ್ನೊಂದು ಸಿಲಿಂಡರ್ ಇದೆ. ತುಂಬಿದ್ದು. ಬೇಕಾದ್ರೆ ಕೇಳು."

"ಯಾವ ಬಣ್ಣದ್ದು?"

"ನಿಂಗೊತ್ತಲ್ಲ."

"ಹಾಗಾದ್ರೆ ಅದರ ಮೇಲೆ ನೀನೇ ಕೂತ್ಕೊ," ಎಂದು ಡೆಸ್ಮಂಡ್ ಬಾಗಿಲು ಹಾಕಿಕೊಂಡ. ಗೆರಿ ಕೈಯನ್ನು ಕೋಟಿನ ಜೇಬಿಗೆ ಹಾಕಿ, ಏನನ್ನೋ ಮುಟ್ಟಿ ನೋಡಿಕೊಂಡು, ಒಳಗೆ ಹೋದ.

ಹತ್ತೂವರೆಗೆ ಡೋರೀನಳ ಒತ್ತಾಯಕ್ಕೆ ಎಮ್ರಿಸನನ್ನು ಕರೆಸಿದರು. ಎಮ್ರಿಸ್ ಕುರಿಯ ಗೊರಸು ಕತ್ತರಿಸುವ ಸಲಕರಣೆಗಳ ಚೀಲವನ್ನೇ ತಂದ. ಅವನಿಗೆ ಎಲ್ಲ ರಿಪೇರಿಗೂ ಅದೇ. ಹೀಟರಿನ ಮುಂದೆ ಮಂಡಿಯೂರಿ ಗುಂಡಿ ಒತ್ತಿದ. ಅಷ್ಟು ಹೊತ್ತಿಗೆ ಬೆಟ್ಟದ ಮೇಲೆ ಬಿಸಿಲು ಬಂದು ಹೊಲದ ಹಿಮ ಕರಗಿತ್ತು. ಹೀಟರ್ ಒಂದೇ ಸಲಕ್ಕೆ ಭುಸ್ಸೆಂದು ಹತ್ತಿಕೊಂಡಿತು.

"ಏನಾಗಿದೆ ಇದಕ್ಕೆ?" ಎಂದ ಎಮ್ರಿಸ್.

"ಬೆಳಗ್ಗೆ ಹತ್ತಲಿಲ್ಲ," ಎಂದಳು ಡೋರೀನ್.

"ನನ್ನ ಹೆಂಡ್ತಿನೂ ಬೆಳಗ್ಗೆ ಹತ್ತಲ್ಲ. ಹತ್ತು ಗಂಟೆ ಆಗ್ಬೇಕು. ಯಾವ ಸಿಲಿಂಡರ್ ಹಾಕಿದೀಯಪ್ಪ ಡೆಸ್? ನೀಲಿನಾ? ಅಯ್ಯೋ ಅದನ್ನ..."

ಬಿಸಿಯಾಯಿತೆಂದು ಎಮ್ರಿಸ್ ಕೋಟಿನ ಗುಂಡಿ ಬಿಚ್ಚಿದ. ಒಳಗೆ ವೇಲ್ಸಿನ ರಗ್ಬಿ ತಂಡದ ಅಂಗಿ, ರಕ್ತಗೆಂಪು. ಡೆಸ್ಮಂಡ್ ಅವನಿಗೆ ಥ್ಯಾಂಕ್ಸ್ ಹೇಳಿ, ಚಹಾವನ್ನೂ ಕೊಡದೆ ಬೀಳ್ಕೊಟ್ಟ. ಚಹಾ ಕೊಡದೆ ಕಳಿಸುವುದೆಂದರೆ ನಮ್ಮಲ್ಲಿ ಯುದ್ಧ ಸಾರಿದ ಹಾಗೆ. ಎಮ್ರಿಸ್ ನನ್ನಲ್ಲಿಗೆ ಬಂದು ಕುಡಿದು ಹೋದ.

ಮಧ್ಯಾಹ್ನವೆಲ್ಲ ಡೆಸ್ಮಂಡನ ಹೀಟರ್ ಧಗಧಗ. ಕಿಟಕಿ ತೆರೆದಿಟ್ಟು, ಎಲ್ಲರಿಗೂ ಕೇಳುವಂತೆ "ಉಸ್ಸಪ್ಪಾ!" ಎನ್ನುತ್ತ ಬೀಸಿಕೊಂಡ. ಡೋರೀನ್ ನನ್ನಲ್ಲಿಗೆ ಬಂದು ಅಳತೆಯ ಟೇಪು ಕೇಳಿ ಒಯ್ದಳು. ಸಂಜೆಗೆ ನೋಡಿದರೆ ನೀಲಿ ಉಣ್ಣೆ ಹಿಡಿದು ಹೆಣೆಯುತ್ತ ಕೂತಿದ್ದಾಳೆ.

"ಯಾರಿಗೆ ಡೋರೀನ್?" ಎಂದೆ.

"ಕುಳ್ಳಗೆ, ದಪ್ಪಗೆ ಇರೋರೊಬ್ರಿಗೆ," ಎಂದಳು.

ಸ್ಪೇನಿನ ಷಡ್ಡಕನಿಗೆ ಇರಬೇಕು, ಇವಳು ಅಲ್ಲಿಗೆ ಹೊರಡುವ ತಯಾರಿಯಲ್ಲಿದ್ದಾಳೆ ಎಂದುಕೊಂಡನೋ ಏನೋ, ಪಕ್ಕದಲ್ಲಿದ್ದ ಡೆಸ್ಮಂಡನ ಮುಖ ಬಾಡಿತು.

ಶುಕ್ರವಾರ ಬೆಳಗ್ಗೆ ಮತ್ತೆ ಹಿಮ, ಮತ್ತೆ ಹೀಟರ್ ಸತ್ತಿತು, ಮತ್ತೆ ನನ್ನಲ್ಲಿಗೆ ಕೆಟಲ್ ಬಂತು. ಈ ಸಲ ಕಾಲು ತೊಳೆಯುವುದಕ್ಕಂತೆ. ಅಷ್ಟರಲ್ಲಿ ಸುದ್ದಿ ಹೊಲದ ಆ ತುದಿಗೆ ಮುಟ್ಟಿ, ಟ್ರೆವರ್ ಎಂಬವನು ಎದ್ದು ಬಂದ. ಟ್ರೆವರ್ ಬರ್ಮಿಂಗ್‌ಹ್ಯಾಮಿನವನು, ಅಳತೆ ಯಂತ್ರಗಳ ಕಾರ್ಖಾನೆಯಲ್ಲಿದ್ದವನು. ಇನ್ನೊಬ್ಬರ ಹೀಟರ್ ಕೆಟ್ಟಿದೆ ಎಂದರೆ ಅವನಿಗೆ ಹಬ್ಬ. ಒಂಬತ್ತು ಗಂಟೆಗೆ ಒಳಹೊಕ್ಕವನು ಹೀಟರಿನ ಮುಖ ಕಿತ್ತ, ಗಾಳಿಯ ಕೊಳವೆ ಎಳೆದ, ಸೋಫಾ ಎತ್ತಿ ಹುಲ್ಲಿನ ಮೇಲಿಟ್ಟ. ಡೋರೀನ್ ಆ ಸೋಫಾದ ಮೇಲೆಯೇ ಕೂತು ಹೆಣಿಗೆ ಮುಂದುವರಿಸಿದಳು. ಹೊಲದ ನಡುವೆ ಸೋಫಾ, ಅದರ ಮೇಲೆ ಕಂಬಳಿ ಹೊದ್ದ ಹೆಂಗಸು, ಸುತ್ತ ಕುರಿಗಳು. ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆದರು.

ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲವನ್ನೂ ಮತ್ತೆ ಜೋಡಿಸಿ ಗುಂಡಿ ಒತ್ತಿದ. ಭುಸ್! ಹೀಟರ್ ಹತ್ತಿತು.

"ನೋಡಿದ್ಯಾ? ಟ್ರೆವರ್ ರಿಪೇರಿ ಮಾಡಿದ!" ಎಂದ ಡೆಸ್ಮಂಡ್, ಜಯಘೋಷದಂತೆ.

"ನಾನೇನೂ ಮಾಡಿಲ್ಲ," ಎಂದ ಟ್ರೆವರ್. ಅವನು ಪ್ರಾಮಾಣಿಕ, ಅದೇ ಅವನ ದೋಷ. "ಹೀಟರಿಗೆ ಯಾವ ರೋಗನೂ ಇಲ್ಲ. ಥರ್ಮಾಮೀಟರ್ ನೋಡಿ. ಬೆಳಗ್ಗೆ ಸೊನ್ನೆಗಿಂತ ಎರಡು ಕೆಳಗಿತ್ತು, ಈಗ ಏಳು ಮೇಲಿದೆ. ನಿಮ್ಮ ಸಿಲಿಂಡರ್ ನೀಲಿ ಅಲ್ವಾ?"

ಡೆಸ್ಮಂಡ್ ಹೋಗಿ ಕ್ಯಾರವಾನಿನ ಮೂತಿಯಲ್ಲಿರುವ ಗ್ಯಾಸಿನ ಪೆಟ್ಟಿಗೆಗೆ ಅಡ್ಡ ನಿಂತ. "ನಿಮ್ಮ ತಂಡ ಯಾವುದು?" ಎಂದ.

"ನಾನು ಫುಟ್‌ಬಾಲ್ ನೋಡಲ್ಲ. ನನಗೆ ಹಳೇ ಗಡಿಯಾರ ಅಂದ್ರೆ ಇಷ್ಟ."

"ನೋಡಲ್ಲ ಅನ್ನೋರೆಲ್ಲ ಒಳಗೊಳಗೆ ಕೆಂಪೇ!"

"ಅಲ್ರೀ, ಇದು ವಿಜ್ಞಾನ."

"ಯಾವ ಊರಿನ ವಿಜ್ಞಾನ?"

ಟ್ರೆವರ್ ತನ್ನ ಸಲಕರಣೆಯ ಪೆಟ್ಟಿಗೆ ಎತ್ತಿಕೊಂಡ. ಆ ಪೆಟ್ಟಿಗೆಯೂ ಕೆಂಪಾಗಿತ್ತು. ಡೆಸ್ಮಂಡ್ ನನ್ನ ಕಡೆ ನೋಡಿದ ನೋಟದಲ್ಲಿ ಎಲ್ಲ ಸಾಕ್ಷಿಗಳೂ ಸಿಕ್ಕಿದ ನ್ಯಾಯಾಧೀಶನ ಗಾಂಭೀರ್ಯವಿತ್ತು. ಸಂಜೆ ಟ್ರೆವರ್ ಮೂರು ಪುಟದ ವರದಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದ. ಕೊನೆಯ ಸಾಲು ಡೋರೀನ್ ಓದಿ ಹೇಳಿದಳು: ಹೀಟರ್ ಆರೋಗ್ಯವಾಗಿದೆ, ಮಾಲೀಕರನ್ನು ಪರೀಕ್ಷಿಸುವುದು ಒಳ್ಳೆಯದು.

ಆದರೆ ಥರ್ಮಾಮೀಟರಿನ ಮಾತು ಡೆಸ್ಮಂಡನ ತಲೆಗೆ ಹೊಕ್ಕಿತ್ತು, ಅರ್ಧ ಮಾತ್ರ. ನೀಲಿ ಗ್ಯಾಸಿನ ಮೇಲೆ ಅವನಿಗೆ ಸಂಶಯ ಬರಲಿಲ್ಲ, ಕನಿಕರ ಬಂತು. ಪಾಪ, ಅದಕ್ಕೆ ಚಳಿಯಾಗುತ್ತಿದೆ.

ಶನಿವಾರ ಬೆಳಗ್ಗೆ ಏಳೂವರೆಗೆ ಡೋರೀನಳ ಕೂಗು ಕೇಳಿ ನಾವೆಲ್ಲ ಹೊರಗೆ ಓಡಿ ಬಂದೆವು. ಗೆರಿ ಒಂದು ಕಾಲಿಗೆ ಮಾತ್ರ ಬೂಟು ಹಾಕಿದ್ದ. ಹಾಲಿನ ಕ್ಯಾನು ಹಿಡಿದಿದ್ದ ಎಮ್ರಿಸ್ ಅದನ್ನು ಹಿಡಿದುಕೊಂಡೇ ಬಂದ. ಡೋರೀನ್ ರಾತ್ರಿಯುಡುಪಿನ ಮೇಲೆ ಕಂಬಳಿ ಸುತ್ತಿಕೊಂಡು ಗ್ಯಾಸಿನ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದು ನಿಂತಿದ್ದಳು. ಒಳಗೆ ನೀಲಿ ಸಿಲಿಂಡರ್ ಕುಳಿತಿತ್ತು. ಅದರ ಕುತ್ತಿಗೆಗೆ ಡೆಸ್ಮಂಡನ ನೀಲಿ ಶಾಲು. ಮೈಗೆ ಡೋರೀನಳ ಒಳ್ಳೆಯ ಸ್ವೆಟರ್, ಭಾನುವಾರ ಚರ್ಚಿಗೆ ಹಾಕುವುದು. ಸ್ವೆಟರಿನ ಒಳಗೆ, ಹೊಟ್ಟೆಗೆ ಆನಿಸಿ, ಅವಳ ಬಿಸಿನೀರಿನ ರಬ್ಬರ್ ಚೀಲ.

"ನಾನು ಬೆಳಗಿನ ಜಾವದಿಂದ ಕಾಲಲ್ಲಿ ತಡಕಾಡ್ತಾ ಇದೀನಿ, ಚೀಲ ಎಲ್ಲಿ, ಚೀಲ ಎಲ್ಲಿ ಅಂತ," ಎಂದಳು.

"ಅದಕ್ಕೆ ಚಳಿ ಆಗ್ತಿತ್ತು ಡೋರೀನ್," ಎಂದ ಡೆಸ್ಮಂಡ್.

"ನಲವತ್ತೊಂದು ವರ್ಷ ಆಯ್ತು ನಮ್ಮ ಮದುವೆಯಾಗಿ. ಒಂದು ದಿನ, ಒಂದೇ ಒಂದು ದಿನ, ನನಗೆ ಹೀಗೆ ಹೊದಿಸಿದೀಯಾ ನೀನು?"

"ಹತ್ತುತ್ತಾ ಅದು ಈಗ?" ಎಂದು ಟ್ರೆವರ್ ತಡೆಯಲಾರದೆ ಕೇಳಿದ. ಹತ್ತಿರಲಿಲ್ಲ. ಚೀಲ ಯಾವಾಗಲೋ ಆರಿ ತಣ್ಣಗಾಗಿತ್ತು.

ಆಗ ಡೋರೀನ್ ನಡುಗಿದಳು. ಮುಚ್ಚುಮರೆ ಏನಿಲ್ಲ, ಐದು ಜನ ನೋಡಿದೆವು. ತಲೆಯಿಂದ ಚಪ್ಪಲಿಯವರೆಗೆ, ಒದ್ದೆಯಾದ ನಾಯಿ ಮೈಕೊಡವಿದ ಹಾಗೆ ನಡುಗಿದಳು. ಎಮ್ರಿಸ್ ಟೋಪಿ ತೆಗೆದ. ಗೆರಿ ನಗುತ್ತಾನೆಂದು ನಾನು ಕಾದೆ. ಅವನು ಹುಲ್ಲು ನೋಡುತ್ತ ನಿಂತ. ಡೆಸ್ಮಂಡ್ ತನ್ನ ಹೆಂಡತಿಯನ್ನು ನೋಡಿದ, ಆಮೇಲೆ ಕ್ಯಾರವಾನನ್ನು ನೋಡಿದ. ಅದರ ಮೈಮೇಲೆ ಕೈಯಿಟ್ಟು, "ಮಾತು ಕೊಟ್ಟಿದೀನಿ. ಸೋಮವಾರ ಮಾರಾಟಕ್ಕೆ ಬೋರ್ಡ್ ಹಾಕ್ತೀನಿ," ಎಂದ. ಎರಡು ದಿನದಿಂದ ನಗುತ್ತಿದ್ದ ನಾನು ಆಗ ನಗಲಿಲ್ಲ.

ಅವನು ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತ. ಡೋರೀನ್ ಪಕ್ಕದಲ್ಲಿ ಕೂತಳು. ನಾನು ಇಬ್ಬರಿಗೂ ಚಹಾ ತಂದುಕೊಟ್ಟು, ಹೋಗುವುದನ್ನು ಮರೆತವಳಂತೆ ಅಲ್ಲೇ ನಿಂತೆ. ಅಷ್ಟರಲ್ಲಿ ಸ್ಪೇನಿನಿಂದ ಅಕ್ಕ ಮ್ಯೂರಿಯಲಳ ಫೋನು. ಮ್ಯೂರಿಯಲ್ ಫೋನಿನಲ್ಲಿ ಮಾತಾಡಿದರೆ ಫೋನ್ ಬೇಕಾಗುವುದಿಲ್ಲ, ಹೊಲಕ್ಕೆಲ್ಲ ಕೇಳುತ್ತದೆ.

"ಡೋರೀನ್! ಇಲ್ಲಿ ಇಪ್ಪತ್ಮೂರು ಡಿಗ್ರಿ ಕಣೇ! ತೋಳಿಲ್ಲದ ಅಂಗಿ ಹಾಕ್ಕೊಂಡು ಕೂತಿದೀನಿ! ಪಕ್ಕದ್ಮನೆ ಇನ್ನೂ ಖಾಲಿ ಇದೆ!"

"ಹೌದೇನೇ ಅಕ್ಕಾ? ಆ ಮನೆ ಹೇಗಿದೆ, ಸ್ವಲ್ಪ ಹೇಳು. ಛಾವಣಿ ಎಂಥದ್ದು?"

"ಹೆಂಚು ಕಣೇ! ಕೆಂಪು ಹೆಂಚು, ನೋಡೋಕೆ ಎಷ್ಟು ಚೆಂದ!"

ಡೆಸ್ಮಂಡನ ಕೈಯ ಬಟ್ಟಲು ಅರ್ಧದಲ್ಲಿ ನಿಂತಿತು.

"ಬಾಗಿಲು?"

"ಹೋದ ವಾರ ತಾನೇ ಬಣ್ಣ ಹೊಡೆಸಿದಾರೆ. ಕೆಂಪು!"

"ಹಿತ್ತಲಲ್ಲಿ ಹೂಗೀವು?"

"ಸಾಲಾಗಿ ಕುಂಡ! ಎಲ್ಲಾ ಕೆಂಪು ಜಿರೇನಿಯಂ! ಬೆಳಗ್ಗೆ ತಿಂಡಿಗೆ ಬ್ರೆಡ್ ಮೇಲೆ ಟೊಮೇಟೊ ಉಜ್ಜಿ ತಿನ್ನೋದು, ಸಂಜೆ ಕೆಂಪು ವೈನು. ಮನೆ ಮಾಲೀಕ ಪೊನ್ಸಿಯಾನೊ ಅಂತೂ ಮ್ಯಾಚ್ ಇದ್ದ ದಿನ ಬೀದಿಯವರಿಗೆಲ್ಲ ಸ್ಪೇನ್ ತಂಡದ ಅಂಗಿ ಹಂಚ್ತಾನೆ, ಹಾಕ್ಕೊಳ್ಳಲೇಬೇಕು, ಇಲ್ಲಾಂದ್ರೆ ಬೇಜಾರು ಮಾಡ್ಕೊತಾನೆ!"

"ಅಂಗಿ ಯಾವ ಬಣ್ಣ ಅಕ್ಕಾ?" ಎಂದು ಡೋರೀನ್ ಬಹಳ ಮೆತ್ತಗೆ ಕೇಳಿದಳು.

ಡೆಸ್ಮಂಡ್ ಕಣ್ಣು ಮುಚ್ಚಿಕೊಂಡ. ಉತ್ತರ ಅವನಿಗೆ ಗೊತ್ತಿತ್ತು.

"ಸರಿ ಕಣಕ್ಕ, ಡೆಸ್‌ನ ಕೇಳಿ ಹೇಳ್ತೀನಿ," ಎಂದು ಡೋರೀನ್ ಫೋನ್ ಇಟ್ಟಳು. ಆಮೇಲೆ ಗಂಡನ ಕಡೆ ತಿರುಗದೆ, ಬೆಟ್ಟ ನೋಡುತ್ತ ಹೇಳಿದಳು: "ಅಲ್ಲಿ ಛಾವಣಿಯಿಂದ ತಿಂಡಿವರೆಗೂ ಕೆಂಪು. ಇಲ್ಲಾದ್ರೆ ಒಂದೇ ಒಂದು ಸಿಲಿಂಡರು. ಅದೂ ಪೆಟ್ಟಿಗೆ ಒಳಗೆ, ಮೇಲೆ ಮುಚ್ಚಳ. ಯೋಚ್ನೆ ಮಾಡು."

"ಆದ್ರೆ ನೀನು ನಡುಗಿದೆಯಲ್ಲ ಡೋರೀನ್. ಮಾತು ಮಾತೇ."

"ಚಳಿಗೆ ನಡುಗಿದ್ರೆ ಅಂತ ತಾನೇ ನೀನು ಮಾತು ಕೊಟ್ಟಿದ್ದು?"

"ಹೌದು."

"ನಾನು ನಡುಗಿದ್ದು ಸಿಟ್ಟಿಗೆ," ಎಂದಳು ಡೋರೀನ್. "ಅಕ್ಕನ ಪಕ್ಕದ್ಮನೇಲಿ ನಾನು ಒಂದು ವಾರ ಇರಬಲ್ಲೆ ಅಂದ್ಕೊಂಡಿದೀಯಾ? ಅವಳು ಉಸಿರಾಡೋಕೂ ಮಾತು ನಿಲ್ಲಿಸಲ್ಲ. ನಂಗೆ ಈ ಬೆಟ್ಟ ಬೇಕು, ಈ ಕ್ಯಾರವಾನ್ ಡಬ್ಬಿ ಬೇಕು. ಬೆಚ್ಚಗೆ ಬೇಕು."

ಡೆಸ್ಮಂಡನ ಕ್ಯಾರವಾನಿನಿಂದ ಗೆರಿಯ ಕ್ಯಾರವಾನಿಗೆ ಹದಿನಾಲ್ಕು ಹೆಜ್ಜೆ. ಆ ಹದಿನಾಲ್ಕು ಹೆಜ್ಜೆ ನಡೆಯಲು ಅವನು ಕಾಲು ಗಂಟೆ ತೆಗೆದುಕೊಂಡ. ಮಧ್ಯೆ ಒಮ್ಮೆ ನಿಂತು ಬೂಟಿನ ದಾರ ಕಟ್ಟಿದ, ಇನ್ನೊಮ್ಮೆ ನಿಂತು ಕುರಿಯೊಂದನ್ನು ಮಾತಾಡಿಸಿದ. ಗೆರಿ ಬಾಗಿಲಲ್ಲೇ ನಿಂತಿದ್ದ.

"ಏನು ಡೆಸ್?"

"ಏನಿಲ್ಲ. ಸುಮ್ನೆ ಬಂದೆ."

"ಹೂಂ."

"ನಿನ್ನ ಹತ್ರ ಅದು... ಇನ್ನೊಂದು ಇದೆ ಅಂದಿದ್ದೆಯಲ್ಲ."

"ಯಾವುದು?"

"ಅದೇ ಮಾರಾಯ. ಆ ಇನ್ನೊಂದು ಬಣ್ಣದ್ದು."

ಗೆರಿ ಇಪ್ಪತ್ತೆರಡು ವರ್ಷ ಕಾದ ಗಳಿಗೆ ಇದು. ಬಣ್ಣದ ಹೆಸರು ಹೇಳಿಸಬಹುದಿತ್ತು, ಮೂರು ಸಲ ಹೇಳಿಸಬಹುದಿತ್ತು, ಎಲ್ಲರನ್ನೂ ಕರೆದು ಹೇಳಿಸಬಹುದಿತ್ತು. ಗೆರಿ ಏನನ್ನೂ ಮಾಡದೆ ಬಗ್ಗಿ, ಮೆಟ್ಟಿಲ ಪಕ್ಕದಿಂದ ಕೆಂಪು ಸಿಲಿಂಡರ್ ಎತ್ತಿದ. ಅದು ಆಗಲೇ ಹೊರಗೆ ಬಂದು ನಿಂತಿತ್ತು.

"ಇದರ ಬಾಯಿ ಬೇರೆ ಥರ ಇರುತ್ತಲ್ಲ, ನನ್ನ ಪೈಪು ಕೂರಲ್ಲ," ಎಂದ ಡೆಸ್ಮಂಡ್, ಕೊನೆಯ ಆಸೆಯಿಂದ.

ಗೆರಿ ಕೋಟಿನ ಜೇಬಿಗೆ ಕೈಹಾಕಿ, ಕೆಂಪು ಸಿಲಿಂಡರಿಗೆ ಹೊಂದುವ ಹೊಸ ಪೈಪನ್ನು ತೆಗೆದ. "ಗುರುವಾರದಿಂದ ಜೇಬಲ್ಲೇ ಇದೆ ಕಣೋ. ನೀನು ಕೇಳಲೇ ಇಲ್ಲ."

ಡೆಸ್ಮಂಡ್ ಪೈಪನ್ನು ತೆಗೆದುಕೊಂಡ. ಆಮೇಲೆ, "ಒಂದು ಬೂಟಲ್ಲಿ ನಿಂತಿದೀಯಲ್ಲೋ ಪೆದ್ದ, ಶೀತ ಆಗುತ್ತೆ," ಎಂದ. ಅವರಿಬ್ಬರ ಭಾಷೆಯಲ್ಲಿ ಅದು ದೊಡ್ಡ ಕೃತಜ್ಞತೆ.

ಗ್ಯಾಸ್ ಪೆಟ್ಟಿಗೆಯೊಳಗೆ ಕೆಂಪು ಸಿಲಿಂಡರ್ 'ಠಣ್' ಎಂದು ಕೂತಾಗ ಡೆಸ್ಮಂಡ್ ಮುಖ ತಿರುಗಿಸಿಕೊಂಡಿದ್ದ. ಟ್ರೆವರ್ ಪೈಪು ಬಿಗಿದು, ಸಾಬೂನು ನೀರು ಹಚ್ಚಿ ಸೋರಿಕೆ ಪರೀಕ್ಷಿಸಿದ. ಆಗ ಡೋರೀನ್ ಒಳಗಿನಿಂದ ತನ್ನ ಹೆಣಿಗೆ ತಂದಳು. ಕುಳ್ಳಗೆ, ದಪ್ಪಗೆ, ಕೈ ಇಲ್ಲದ, ಕುತ್ತಿಗೆ ಕಿರಿದಾದ ನೀಲಿ ಅಂಗಿ. ಮುಂದೆ ಬಿಳಿ ಉಣ್ಣೆಯಲ್ಲಿ ಒಂಬತ್ತು ಎಂಬ ಅಂಕಿ, ತಂಡದಲ್ಲಿ ಗೋಲು ಹೊಡೆಯುವವನದು. ಸಿಲಿಂಡರಿನ ಮೇಲಿಂದ ಇಳಿಸಿದರೆ ದರ್ಜಿ ಹೊಲಿದ ಹಾಗೆ ಕೂತಿತು. ಟ್ರೆವರ್ ಸುತ್ತ ಬಂದು ನೋಡಿ, ತಿರುಗಣಿಗಾಗಲಿ ಪೆಟ್ಟಿಗೆಯ ತಳದ ಗಾಳಿಕಂಡಿಗಾಗಲಿ ಅಡ್ಡಿಯಿಲ್ಲ ಎಂದು ಒಪ್ಪಿಗೆ ಕೊಟ್ಟ.

"ಗುರುವಾರವೇ ಅಳತೆ ತಗೊಂಡಿದ್ದೆಯಾ?" ಎಂದ ಡೆಸ್ಮಂಡ್.

"ಗೆರಿಯ ಸಿಲಿಂಡರಿಂದು," ಎಂದಳು ಡೋರೀನ್. "ನಿನ್ನ ತಲೆಗೆ ಹೊಕ್ಕೋಕೆ ಎರಡು ದಿನ ಬೇಕಾಗುತ್ತೆ ಅಂತ ಲೆಕ್ಕ ಹಾಕಿದ್ದೆ. ಕುತ್ತಿಗೆ ಪಟ್ಟಿ ಹೆಣೆಯೋಕೆ ಸರಿಯಾಗಿ ಸಾಕಾಯ್ತು."

ಭಾನುವಾರ ಬೆಳಗ್ಗೆ ಸೊನ್ನೆಗಿಂತ ನಾಲ್ಕು ಕೆಳಗೆ. ನಲ್ಲಿ ಕಟ್ಟಿಕೊಂಡಿತ್ತು, ಕುರಿಗಳ ಮೀಸೆಯಲ್ಲಿ ಹಿಮ. ಡೆಸ್ಮಂಡನ ಹೀಟರ್ ಮಾತ್ರ ಏಳು ಗಂಟೆಗೇ ಭುಸ್ಸೆಂದಿತು. ಕೆಟಲ್ ಸಿಳ್ಳು ಹಾಕಿತು. ಅವತ್ತು ಎಲ್ಲರಿಗೂ ಅವನದೇ ಚಹಾ, ಎಮ್ರಿಸನಿಗೆ ಎರಡು ಬಟ್ಟಲು, ಟ್ರೆವರನಿಗೆ ಮೊಟ್ಟೆಯನ್ನೂ ಹಂದಿಮಾಂಸವನ್ನೂ ಹುರಿದು ಕೊಟ್ಟ. ನನ್ನ ಕೆಂಪು ಟೋಪಿಯನ್ನು ಮಾತ್ರ ಬಾಗಿಲಲ್ಲೇ ತೆಗೆಸಿದ. ಒಳಗೆ ಅಷ್ಟು ಬೆಚ್ಚಗಿತ್ತು, ಟೋಪಿಯ ಅಗತ್ಯವೂ ಇರಲಿಲ್ಲ.

ಮಧ್ಯಾಹ್ನ ರೇಡಿಯೋದಲ್ಲಿ ಮ್ಯಾಚ್, ನೀಲಿಗೂ ಕೆಂಪಿಗೂ. ಆ ಪುಟ್ಟ ಡಬ್ಬಿಯಲ್ಲಿ ನಾವು ಆರು ಜನ ಮತ್ತು ನನ್ನ ನಾಯಿ ಮಂಡಿಗೆ ಮಂಡಿ ತಾಗಿಸಿ ಕೂತೆವು. ಡೆಸ್ಮಂಡ್ ಅರ್ಧ ತೋಳಿನ ಅಂಗಿಯಲ್ಲಿದ್ದ, ಈ ಸಲ ನಿಜವಾದ ಸೆಖೆಗೆ. ಕೆಂಪು ತಂಡ ಒಂದು ಗೋಲು ಹೊಡೆಯಿತು. ಗೆರಿ ಕೈ ಎತ್ತಲು ಹೋಗಿ ಛಾವಣಿಗೆ ಬಡಿದುಕೊಂಡ. ಎರಡನೆಯ ಗೋಲೂ ಆಯಿತು. ಡೆಸ್ಮಂಡ್ ಎದ್ದು ನಿಂತ. ಮುಖ ಉಬ್ಬಿತು. "ಈ ಕೆಂಪು ಕಳ್ಳರು, ಹುಟ್ಟು ಮೋಸಗಾರರು, ಇವರ ಗೋಲ್‌ಕೀಪರನಂತೂ..."

ಡೋರೀನ್ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. ಎಡಗೈಯನ್ನಷ್ಟೇ ಚಾಚಿ, ಹೀಟರಿನ ಗುಂಡಿಯ ಮೇಲೆ ಒಂದು ಬೆರಳಿಟ್ಟಳು.

ಹೊರಗೆ ಆಗಲೇ ಬಿಸಿಲು ಇಳಿದು ಹುಲ್ಲಿನ ಮೇಲೆ ಮತ್ತೆ ಬಿಳುಪು ಏರುತ್ತಿತ್ತು. ಡೆಸ್ಮಂಡ್ ಅದನ್ನು ನೋಡಿದ, ಬೆರಳನ್ನು ನೋಡಿದ, ಮೆಲ್ಲಗೆ ಕೂತುಕೊಂಡ.

"...ಗೋಲ್‌ಕೀಪರನಂತೂ," ಎಂದ, "ಪಾಪ, ಒಳ್ಳೆ ಹುಡುಗ."